ಕಂಪ್ಯೂಟರಿಗೂ ಒಂದು ಸೋಮವಾರ

ಮೊನ್ನೆ ಟ್ರಂಕಿನ ಹಿಂದೆ ಕಸ ಹೊಡೆಯುವಾಗ ಒಂದು ಸಿಡಿ ಸಿಕ್ಕಿತು. ಅದರ ಮೇಲೆ ದಪ್ಪ ಪೆನ್ನಿನಿಂದ, ನನ್ನದೇ ಅಕ್ಷರದಲ್ಲಿ, ‘ಇದನ್ನ ನಂಬಬ್ಯಾಡ’ ಎಂದು ಬರೆದಿತ್ತು. ಯಾರಿಗಾಗಿ ಬರೆದೆನೋ ಏನೋ. ಆಗ ಮನೆಯಲ್ಲಿ ಇದ್ದವರು ನಾನು ಮತ್ತು ನನ್ನ ಅಕ್ಕ, ಇಬ್ಬರೇ. ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಅಂದಮೇಲೆ ನನಗೆ ನಾನೇ ಎಚ್ಚರಿಕೆ ಕೊಟ್ಟುಕೊಂಡಿದ್ದೆ ಎಂದಾಯಿತು. ಒಂಟಿಯಾಗಿ ಇರುವವರಿಗೆ ಈ ಚಟ ಇರುತ್ತದೆ, ನಿಮಗೆ ಇಲ್ಲದಿದ್ದರೆ ನೀವು ಪುಣ್ಯವಂತರು.

ಆ ಸಿಡಿ ಒಂದು ಮಾಸಪತ್ರಿಕೆಯ ಜೊತೆ ಪುಕ್ಕಟೆ ಬಂದದ್ದು. ಅದರಲ್ಲಿ ಲಿನಕ್ಸ್ ಇತ್ತು, ಕಂಪ್ಯೂಟರಿಗೆ ವಿಂಡೋಸ್ ಬದಲು ಹಾಕಿಕೊಳ್ಳುವಂಥದು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಬೈಲಹೊಂಗಲದಂಥ ಊರಿನಲ್ಲಿ ಕೂತು, ಫೈಲುಗಳನ್ನು ಕಾಪಾಡಲೆಂದೇ ಮನೆಯಲ್ಲೊಂದು ಫೈಲ್ ಸರ್ವರ್ ಇಡಬೇಕು, ಅವನ್ನು ಡಿಸ್ಕಿನಲ್ಲಿ ಜೋಡಿಸಿಡುವ ನಂಬಿಗಸ್ತ ಫೈಲ್ ಸಿಸ್ಟಮ್ ಯಾವುದು ಎಂದು ತಲೆ ಕೆಡಿಸಿಕೊಂಡವನು ನಾನೊಬ್ಬನೇ ಇರಬೇಕು. ಹೇಳಿದರೆ ಓಣಿಯ ಮಂದಿ ನಗುತ್ತಿದ್ದರು. ನಗಲಿ ಎಂದು ನಾನೂ ಹೇಳುತ್ತಿದ್ದೆ. ಬೇರೆ ಮಾತಾಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ನನ್ನದು ಫೋಟೋ ಸ್ಟುಡಿಯೋ. ತೊಂಬತ್ತರ ದಶಕದಲ್ಲಿ ಮದುವೆಗೆ ವಿಡಿಯೋ ತೆಗೆಸುವ ಹುಚ್ಚು ಹಳ್ಳಿಹಳ್ಳಿಗೆ ಹಬ್ಬಿದಾಗ ನಾನೂ ಒಂದು ದೊಡ್ಡ ಕ್ಯಾಮರಾ ಹೆಗಲಿಗೇರಿಸಿದೆ. ಕಟಕೋಳ, ಸುರೇಬಾನ, ಮುನವಳ್ಳಿ, ಎಲ್ಲಿ ಹಂದರ ಹಾಕಿದರೂ ಅಲ್ಲಿ ನಾನು. ಬೀಗರು ಮುನಿಸಿಕೊಂಡದ್ದು, ಭಟ್ಟಿಯ ಹೊಗೆಗೆ ಕಣ್ಣೀರು ಹಾಕಿದ್ದು, ಹೆಣ್ಣು ಕಳಿಸುವಾಗ ನಿಜವಾಗಿ ಕಣ್ಣೀರು ಹಾಕಿದ್ದು, ಎಲ್ಲ ನನ್ನ ಕ್ಯಾಸೆಟ್ಟುಗಳಲ್ಲಿ ಇತ್ತು. ಇತ್ತು ಅಂದೆ, ಯಾಕೆಂದರೆ ಮಳೆಗಾಲ ಬಂದು ಹೋದಂತೆ ಅವಕ್ಕೆ ಬೂಷ್ಟು ಹತ್ತತೊಡಗಿತು. ಟೇಪು ಹಾಕಿದರೆ ಮದುಮಕ್ಕಳ ಮೇಲೆ ಹಿಮ ಬಿದ್ದಂತೆ ಬಿಳಿ ಚುಕ್ಕೆ. ನಮ್ಮ ಕಡೆ ಹಿಮ ಎಲ್ಲಿಂದ ಬರಬೇಕು?

ಉಳಿದ ಕ್ಯಾಸೆಟ್ಟುಗಳು ಹಾಳಾದರೆ ನನಗೆ ಅಷ್ಟೇನೂ ನೋವಿರಲಿಲ್ಲ. ಅವರವರ ಮದುವೆ ಅವರವರ ಮನೆಯಲ್ಲಿ ನಡೆದೇ ಇತ್ತು. ಕಟಕೋಳದ ಒಂದು ಮದುವೆಯ ಕ್ಯಾಸೆಟ್ ಮಾತ್ರ ನನ್ನದು. ಅದರಲ್ಲಿ ನೀಲಾ ಇದ್ದಳು.

ನೀಲಾ ನನ್ನ ಹೆಂಡತಿ, ಅಕ್ಕನ ಮಗಳು. ನಮ್ಮಲ್ಲಿ ಅಕ್ಕನ ಮಗಳನ್ನು ತರುವುದು ವಾಡಿಕೆ. ಹೊರಗಿನವರಿಗೆ ಇದು ಗೋಜಲು ಅನ್ನಿಸುತ್ತದೆ, ನಮಗೆ ಸಲೀಸು. ಅಕ್ಕ ನನಗೆ ಅತ್ತೆಯೂ ಹೌದು, ಆದರೆ ಒಂದು ದಿನವೂ ನನ್ನನ್ನು ಅಳಿಯನೆಂದು ಗೌರವಿಸಲಿಲ್ಲ. ಚಿಕ್ಕಂದಿನಲ್ಲಿ ಕಂಕುಳಲ್ಲಿ ಹೊತ್ತು ತಿರುಗಿದವಳಿಗೆ ನಾನೆಂಥ ಅಳಿಯ! ಇನ್ನು ನೀಲಾ. ಗಂಡನ ಹೆಸರು ಹಿಡಿಯಬಾರದೆಂದು ಅವಳು ನನ್ನನ್ನು ಕರೆಯುತ್ತಿದ್ದುದು ‘ಕೇಳಿರೇನ್ರೀ’ ಎಂದು. ಹೆಸರು ಬಾಯಲ್ಲಿ ಬರಬೇಕಾದರೆ ಒಂದೇ ದಾರಿ, ಒಡಪು. ಮದುವೆ ಸೀಮಂತಗಳಲ್ಲಿ ಹೆಂಗಸರು ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಕಾಡುತ್ತಾರಲ್ಲ, ಆಗ ಎರಡು ಸಾಲು ಪದ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಬೇಕು.

ಕಟಕೋಳದಲ್ಲಿ ಹಾಗೇ ಆಯಿತು. ಅವಳೂ ನನ್ನ ಜೊತೆ ಬಂದಿದ್ದಳು. ನಾನು ಕ್ಯಾಮರಾ ಹಿಡಿದು ನಿಂತಿದ್ದೆ. ಮದುಮಗಳದ್ದು ಮುಗಿದ ಮೇಲೆ ಹೆಂಗಸರೆಲ್ಲ ಅವಳನ್ನೂ ಮುತ್ತಿದರು. ಅವಳು ಸೆರಗು ಸರಿಮಾಡಿಕೊಂಡು ನೇರ ಕ್ಯಾಮರಾ ನೋಡಿ ಹೇಳಿದಳು:

“ಮಲಪ್ರಭಾ ದಂಡೀಲಿ ಮಲ್ಲಿಗಿ ಚೆಂಡ,
ಊರ ಮಂದೀ ಫೋಟೋ ತೆಗಿಯೋ ಈರಪ್ಪನವ್ರು ನನ್ನ ಗಂಡ.”

ಆಮೇಲೆ ಪಕ್ಕದವಳಿಗೆ, ಆದರೆ ನನಗೆ ಕೇಳುವಂತೆ, “ನಂದೊಂದ ಬಿಟ್ಟ ಎಲ್ಲಾರದೂ ತಗೀತಾರ ನೋಡ್ರಿ” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದಕ್ಕೇ ಅಲ್ಲಿ ಚಿತ್ರ ಅಲುಗಾಡುತ್ತದೆ. ಅವಳು ಹೇಳಿದ್ದು ಖರೇ ಇತ್ತು. ಊರಿನವರ ಮೋರೆಗೆಲ್ಲ ಬೆಳಕು ಬಿಟ್ಟವನು ಹೆಂಡತಿಯದೊಂದು ಒಳ್ಳೆಯ ಫೋಟೋ ತೆಗೆಯಲು ಪುರಸೊತ್ತು ಮಾಡಿಕೊಂಡಿರಲಿಲ್ಲ. ಮುಂದೆ ತೆಗೆದರಾಯಿತು ಅಂದುಕೊಂಡಿದ್ದೆ. ಮುಂದೆ ಅನ್ನುವುದು ಬರಲಿಲ್ಲ. ಒಂದು ಮಳೆಗಾಲ ಜ್ವರ ಬಂತು, ದವಾಖಾನೆಗೆ ಒಯ್ದೆವು, ತಿರುಗಿ ಅವಳನ್ನು ಮನೆಗೆ ತಂದಾಗ ಉಸಿರಿರಲಿಲ್ಲ.

ನಮಗೆ ಮಕ್ಕಳಿರಲಿಲ್ಲ. ಅಕ್ಕನ ಗಂಡ ಮೊದಲೇ ತೀರಿಕೊಂಡಿದ್ದ. ಅಕ್ಕ ಸುರೇಬಾನದಿಂದ ಒಂದು ಗಂಟು ಕಟ್ಟಿಕೊಂಡು ಬಂದವಳು ಇಲ್ಲೇ ಉಳಿದಳು. “ಎಲ್ಲಿ ಇದ್ದರೇನು, ಎರಡು ರೊಟ್ಟಿ ಸುಡೂದ ತಪ್ಪತೈತೇನು?” ಅಂದಳು. ಅವಳಿಗೆ ಮಗಳಿಲ್ಲ, ನನಗೆ ಹೆಂಡತಿಯಿಲ್ಲ. ಇಬ್ಬರೂ ಒಂದೇ ಹುಡುಗಿಯನ್ನು ಕಳೆದುಕೊಂಡವರು. ಆದರೂ ಆ ವಿಷಯ ತೆಗೆಯದೆ, ಪಲ್ಯಕ್ಕೆ ಉಪ್ಪು ಹೆಚ್ಚಾಯಿತು, ನೀರು ಇವತ್ತು ಬರಲಿಲ್ಲ, ಇಷ್ಟರಲ್ಲೇ ದಿನ ಸವೆಸುತ್ತಿದ್ದೆವು.

ನಂಬಿಗಸ್ತ ಫೈಲ್ ಸಿಸ್ಟಮ್ ನನಗೆ ಯಾಕೆ ಬೇಕಿತ್ತು ಎಂದು ಈಗ ನಿಮಗೆ ತಿಳಿದಿರಬೇಕು. ಕ್ಯಾಸೆಟ್ಟಿನ ಟೇಪು ಪೂರ್ತಿ ಅಂಟಿಕೊಂಡು ಹೋಗುವ ಮೊದಲು ಹೇಗೋ ಆ ತುಣುಕನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಸಿಡಿಗೂ ಹಾಕಿಟ್ಟೆ. ಆ ಸಿಡಿಯ ಬೆಳ್ಳಿ ಬಣ್ಣ ಸಿಪ್ಪೆ ಎದ್ದುಹೋಯಿತು. ಉಳಿದದ್ದು ಹಾರ್ಡ್‌ಡಿಸ್ಕಿನ ಒಂದು ಫೈಲು. ಸ್ಟುಡಿಯೋದ ಹಳೆಯ ಕಂಪ್ಯೂಟರನ್ನು ಮನೆಗೆ ತಂದು, ಪಡಸಾಲೆಯ ಗೋಡೆಯಲ್ಲಿ ದೇವರಿಟ್ಟ ಮಾಡದ ಕೆಳಗೆ ಇಟ್ಟು, ಹಳೆಯ ಮದುವೆಗಳನ್ನೆಲ್ಲ ಅದರಲ್ಲಿ ತುಂಬತೊಡಗಿದೆ. ಹಗಲೂ ರಾತ್ರಿ ಅದು ಚಾಲೂ ಇರಬೇಕು. ಎದುರಿನ ಇನ್ನೊಂದು ಕಂಪ್ಯೂಟರಿನಲ್ಲಿ ಕೂತು ಬೇಕಾದದ್ದನ್ನು ತೆಗೆದು ನೋಡಬೇಕು. ಬೇಕಾದದ್ದು ಅಂದರೆ ಒಂದೇ, ಬಿಡಿ.

ಚಿಕ್ಕಂದಿನಲ್ಲಿ ಅಪ್ಪನ ಜೊತೆ ಎತ್ತು ಕೊಳ್ಳಲು ಸಂತೆಗೆ ಹೋಗುತ್ತಿದ್ದೆ. ಅಪ್ಪ ಎತ್ತಿನ ಹಲ್ಲು ನೋಡುತ್ತಿದ್ದ, ಗೊರಸು ನೋಡುತ್ತಿದ್ದ, ಸುಳಿ ಎಲ್ಲಿದೆ ಎಂದು ಮೈಯೆಲ್ಲ ತಡವುತ್ತಿದ್ದ. ಇಷ್ಟೆಲ್ಲ ಮಾಡಿ ತಂದ ಒಂದು ಎತ್ತು ನಡುಹೊಲದಲ್ಲಿ ಮಲಗಿಬಿಡುತ್ತಿತ್ತು. ಅಪ್ಪ ಬಯ್ಯುತ್ತಿರಲಿಲ್ಲ, ಅದರ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನಾನು ಫೈಲ್ ಸಿಸ್ಟಮ್ ಆರಿಸಿದ್ದೂ ಹೆಚ್ಚು ಕಡಿಮೆ ಹೀಗೇ. ಪತ್ರಿಕೆಗಳನ್ನು ಓದಿದೆ, ಅದರ ಗುಣ ಇದರ ದೋಷ ಎಂದು ತಡವಿದೆ, ಕಡೆಗೆ ಎಲ್ಲವೂ ನಡುಹೊಲದಲ್ಲಿ ಮಲಗಿದವು. ನನಗೆ ಅಪ್ಪನ ತಾಳ್ಮೆ ಬಂದಿಲ್ಲ. ನಾನು ಬೈದೆ.

ಮೊದಲು ವಿಂಡೋಸ್ ಇತ್ತು, ಫ್ಯಾಟ್ ಥರ್ಟಿಟೂ ಎಂಬ ಫೈಲ್ ಸಿಸ್ಟಮ್. ಅದರಲ್ಲಿ ಆಗಾಗ ಫೈಲುಗಳು ತಮ್ಮ ಹೆಸರು ಕಳೆದುಕೊಂಡು ಬರೀ ತುಂಡುಗಳಾಗಿ ಹೊರಬರುತ್ತಿದ್ದವು. ಸಂಜೆ ಬಂದು ನೋಡಿದರೆ ನೀಲಿ ಪರದೆ, ತಪಾಸಣೆ ನಡೆದಿದೆ ಎಂಬ ಸೂಚನೆ. ನಮ್ಮೂರಲ್ಲಿ ಕರೆಂಟಿನ ಕಥೆ ಗೊತ್ತೇ ಇದೆಯಲ್ಲ. ಹೋದಾಗಲೆಲ್ಲ ಕಂಪ್ಯೂಟರ್ ದೊಪ್ಪನೆ ಬೀಳುತ್ತದೆ, ಬರೆಯುತ್ತಿದ್ದುದು ಅರ್ಧಕ್ಕೆ ನಿಲ್ಲುತ್ತದೆ ಎಂದುಕೊಂಡು, ಕರೆಂಟು ಹೋದರೂ ಸ್ವಲ್ಪ ಹೊತ್ತು ನಡೆಸುವ ಯುಪಿಎಸ್ ತಂದಿಟ್ಟೆ. ಆದರೂ ಬೀಳುವುದು ತಪ್ಪಲಿಲ್ಲ.

ಆಮೇಲೆ ಲಿನಕ್ಸ್ ಹಾಕಿದೆ, ಇಎಕ್ಸ್‌ಟಿ-ಟು ಎಂಬ ಫೈಲ್ ಸಿಸ್ಟಮ್ ಇಟ್ಟೆ. ಒಂದು ಸೋಮವಾರ ಸಂಜೆ ಮನೆಗೆ ಬಂದರೆ ಅದು ಮೇಲೇಳದೆ, ಕಪ್ಪು ಪರದೆಯ ಮೇಲೆ ಪಾಸ್‌ವರ್ಡ್ ಕೇಳುತ್ತ ಕೂತಿತ್ತು. ಪತ್ರಿಕೆಯಲ್ಲಿ ನೋಡಿ ನಾನೇ ರಿಪೇರಿ ಮಾಡಿದೆ. ರಿಪೇರಿಯಾದ ಮೇಲೆ ನೋಡಿದರೆ ನೀಲಾ ಇದ್ದ ಫೋಲ್ಡರೇ ಇಲ್ಲ. ಕಳೆದು ಸಿಕ್ಕವುಗಳಿಗೆಂದು ಅದು ಒಂದು ಬೇರೆ ಫೋಲ್ಡರ್ ಇಟ್ಟುಕೊಂಡಿರುತ್ತದೆ. ಅದರೊಳಗೆ ಹೆಸರಿಲ್ಲದ ರಾಶಿ ಫೈಲುಗಳು, ಒಂದೊಂದಕ್ಕೂ ಬರೀ ಒಂದೊಂದು ನಂಬರು. ಒಂದೊಂದನ್ನೇ ತೆರೆಯುತ್ತ ಹೋದೆ. ಯಾರದೋ ಅಕ್ಷತೆ, ಯಾರದೋ ಊಟದ ಪಂಕ್ತಿ, ಬ್ಯಾಂಡಿನವರು, ಯಾರೋ ಮುದುಕ ಕ್ಯಾಮರಾ ನೋಡಿ ಮೀಸೆ ತಿರುವಿದ್ದು. ಊರ ಮಂದಿಯೆಲ್ಲ ಬಂದು ಹೋದರು. ಕಡೆಗೆ ಒಂದು ನಂಬರನ್ನು ಒತ್ತಿದಾಗ ‘ಮಲಪ್ರಭಾ ದಂಡೀಲಿ’ ಅಂದಿತು.

ನಾನು ಅತ್ತುಬಿಟ್ಟೆ. ಅಕ್ಕ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದಳು. ಅಲ್ಲಿಯವರೆಗೂ ನಾನು ಅದನ್ನು ಅವಳಿಗೆ ತೋರಿಸಿರಲಿಲ್ಲ, ಸಂಕಟವಾದೀತೆಂದು. ಅವಳು ನಿಂತೇ ನೋಡಿದಳು. ಸೆರಗು ಬಾಯಿಗೆ ಹಿಡಿದಳು. ಮುಗಿದ ಮೇಲೆ, “ಇನ್ನೊಮ್ಮಿ ಹಚ್ಚೋ” ಅಂದಳು. ಹಚ್ಚಿದೆ. ಆಮೇಲೆ ಪರದೆಯನ್ನು ಬಿಟ್ಟು ಮಾಡದ ಕೆಳಗಿನ ಪೆಟ್ಟಿಗೆಯ ಹತ್ತಿರ ಹೋಗಿ, “ಇದರಾಗಿಂದ ಬರತೈತೇನು?” ಎಂದು ಕೇಳಿ ಅದರ ಬೆನ್ನ ಮೇಲೆ ಕೈಯಿಟ್ಟಳು. “ಎಷ್ಟ ಬೆಚ್ಚಗ ಐತೋ ಈರಪ್ಪಾ!” ಅಂದಳು. ಪೆಟ್ಟಿಗೆಯ ಮೇಲೆ ಜೋಳದ ಹಿಟ್ಟಿನ ಐದು ಬೆರಳು ಮೂಡಿದವು. ನಾನು ಒರೆಸಲಿಲ್ಲ.

ಮರುದಿನವೇ ಮುನವಳ್ಳಿಯ ದಸ್ತಗೀರನ ಬಳಿ ಓಡಿದೆ. ದಸ್ತಗೀರ ಅಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಮಾತು ಕಡಿಮೆ, ಚಹಾ ಹೆಚ್ಚು. ಸಿಡಿಯ ಮೇಲೆ ‘ಇದನ್ನ ನಂಬಬ್ಯಾಡ’ ಎಂದು ಬರೆದದ್ದು ಫೋಲ್ಡರ್ ಕಳೆದುಹೋದ ಆ ಸಿಟ್ಟಿನಲ್ಲೇ. ಜೊತೆಗೆ ಒಯ್ದಿದ್ದ ಅದನ್ನು ಓದಿ ಅವನು ನಕ್ಕ.

“ಅಣ್ಣಾರ, ಇದರದೇನ್ ತಪ್ಪಿಲ್ರಿ. ಇದು ಕೆಲಸ ಮಾಡತೈತಿ, ಆದ್ರ ಏನ್ ಮಾಡಾಕ ಹತ್ತೇನಿ ಅಂತ ಹೇಳೂದುಲ್ಲ. ನಡುವ ಬಿದ್ರ ಎಲ್ಲಿತನಕಾ ಆಗಿತ್ತು ಅಂತ ಯಾರಿಗೂ ತಿಳಿಯೂದುಲ್ಲ. ನೀವು ಇಎಕ್ಸ್‌ಟಿ-ತ್ರೀ ಹಾಕ್ರಿ. ಅದರಾಗ ಜರ್ನಲ್ ಇರತೈತಿ. ಪ್ರತಿ ಕೆಲಸಾ ಮಾಡೂಕಿಂತ ಮೊದಲ ಇಂಥಾದ್ದು ಮಾಡತೇನಿ ಅಂತ ಒಂದ ಕಡೆ ಗುರ್ತು ಹಾಕಿಕೋತೈತಿ. ಬಿದ್ದ ಎದ್ದ ಮ್ಯಾಲೆ ಅದನ್ನ ನೋಡಿ ಉಳದದ್ದ ಮುಗಸತೈತಿ.”

ನನ್ನ ಕೈಯಲ್ಲಿದ್ದ ಚಹಾ ಹಾಗೇ ಉಳಿಯಿತು. ನೀಲಾಗೆ ಅದೇ ಅಭ್ಯಾಸ ಇತ್ತು. ಯಾವ ಕೆಲಸವನ್ನೂ ಬಾಯಿಬಿಟ್ಟು ಹೇಳದೆ ಮಾಡುತ್ತಿರಲಿಲ್ಲ. “ಹಾಲ ಕಾಸಾಕ ಇಡತೇನ್ರೀ”, “ಹಿತ್ತಲ ಬಾಗಲಾ ಹಾಕತೇನ್ರೀ”, “ಅರಬಿ ಒಣಾ ಹಾಕಾಕ ಹೊಂಟೇನ್ರೀ.” ನಾನು ಪೇಪರು ಓದುತ್ತ ಹೂಂ ಅನ್ನುತ್ತಿದ್ದೆ, ಕೆಲವೊಮ್ಮೆ ಅದನ್ನೂ ಅನ್ನುತ್ತಿರಲಿಲ್ಲ. ದವಾಖಾನೆಗೆ ಒಯ್ದ ದಿನ ಮುಂಜಾನೆ ಜ್ವರದಲ್ಲೇ ಎದ್ದು “ಶೇಂಗಾ ಹುರಿಯಾಕ ಹತ್ತೇನ್ರೀ” ಅಂದಿದ್ದಳು. ಮಣ್ಣು ಮುಗಿಸಿ ಮನೆಗೆ ಬಂದು ನೋಡಿದರೆ ಬಾಣಲೆಯಲ್ಲಿ ಅರ್ಧ ಹುರಿದ ಶೇಂಗಾ ಇದ್ದವು. ಏನು ಉಳಿದಿದೆ ಎಂದು ಚೆನ್ನಾಗಿ ಗೊತ್ತಿತ್ತು. ಮುಗಿಸುವ ಧೈರ್ಯ ನನಗೂ ಇರಲಿಲ್ಲ, ಅಕ್ಕನಿಗೂ ಇರಲಿಲ್ಲ.

“ಇದನ್ನೇ ಹಾಕಿಕೊಡು” ಅಂದೆ. ಬೇರೆ ಯಾವ ಫೈಲ್ ಸಿಸ್ಟಮಿನ ಗುಣಗಾನವನ್ನೂ ಕೇಳಲಿಲ್ಲ. ದಸ್ತಗೀರನೇ ಮನೆಗೆ ಬಂದು ಎಲ್ಲವನ್ನೂ ಹೊಸದಾಗಿ ಕೂಡಿಸಿಕೊಟ್ಟು ಹೋದ.

ಅಲ್ಲಿಂದ ಫೈಲುಗಳು ಉಳಿದವು. ಆದರೆ ಬೀಳುವುದು ಮಾತ್ರ ನಿಲ್ಲಲಿಲ್ಲ. ಸಂಜೆ ಬಂದು ನೋಡಿದರೆ ನಾನು ನಕಲಿಗೆ ಹಚ್ಚಿ ಹೋದ ಮದುವೆ ಅರ್ಧಕ್ಕೇ ನಿಂತಿರುತ್ತಿತ್ತು. ವರ ತಾಳಿ ಹಿಡಿದು ನಿಂತಿದ್ದಾನೆ, ಮುಂದೆ ಇಲ್ಲ. ದಸ್ತಗೀರನಿಗೆ ಫೋನು ಮಾಡಿ ಗೋಳು ತೋಡಿಕೊಂಡೆ. ಅವನು ಒಂದೇ ಮಾತು ಕೇಳಿದ: “ಯಾವ ವಾರ ಬೀಳತೈತ್ರಿ ಅಣ್ಣಾರ?”

ಯಾವ ವಾರ? ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಯೋಚಿಸಿದರೆ ಬರೀ ಸೋಮವಾರ. ಸೋಮವಾರ ನಾನು ಆಲ್ಬಮ್ಮುಗಳನ್ನು ಚೀಲಕ್ಕೆ ತುಂಬಿಕೊಂಡು ಸವದತ್ತಿ, ಮುನವಳ್ಳಿ, ರಾಮದುರ್ಗದ ಕಡೆ ಗಿರಾಕಿಗಳಿಗೆ ತಲುಪಿಸಲು ಹೋಗುತ್ತಿದ್ದೆ. ಮುಂಜಾನೆ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಸೋಮವಾರ ಲೈನು ತೆಗೆಯುತ್ತಾರೇನೋ ಎಂದು ಓಣಿಯ ಲೈನ್‌ಮನ್ನನನ್ನು ವಿಚಾರಿಸಿದೆ. “ಇಲ್ರೀ ಸ್ಟುಡಿಯೋದವ್ರ, ಸೋಮವಾರ ನಾವು ಕಂಬಾನ ಹತ್ತೂದುಲ್ಲ” ಅಂದ. ನನಗೆ ಯಂತ್ರದ ಮೇಲೆ ಇದ್ದ ಅನುಮಾನ ಈಗ ದೆವ್ವಗಳ ಮೇಲೆ ಹೋಯಿತು. ನಾನು ಅವನ್ನು ನಂಬುವವನಲ್ಲ, ಆದರೂ ಕಾರಣ ಸಿಗದಿದ್ದಾಗ ಅವೂ ಇರಲಿ ಅನ್ನಿಸುತ್ತದೆ.

ಮುಂದಿನ ಸೋಮವಾರ ಬಸ್ ಸ್ಟ್ಯಾಂಡಿಗೆ ಹೋದರೆ ನನ್ನ ಬಸ್ಸು ಕೆಟ್ಟು ನಿಂತಿತ್ತು. ಇನ್ನೊಂದು ಬರುವುದು ತಡವೆಂದು ಮನೆಗೆ ಮರಳಿದೆ. ಬಾಗಿಲು ಚಿಲಕ ಹಾಕದೆ ಮುಂದೆ ಮಾಡಿತ್ತಷ್ಟೇ, ದೂಡಿ ಒಳಗೆ ಕಾಲಿಟ್ಟೆ.

ಅಕ್ಕ ಮಾಡದ ಮುಂದೆ ಕೂತಿದ್ದಳು. ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಪೆಟ್ಟಿಗೆಯ ಮೇಲೂ ಮೂರು ಬೆರಳು ವಿಭೂತಿ ಎಳೆದಿದ್ದಳು. ಒಂದು ಕೈಯಲ್ಲಿ ಯುಪಿಎಸ್ಸಿನಿಂದ ಕಿತ್ತ ಪ್ಲಗ್ಗು. ಫ್ಯಾನಿನ ಸದ್ದು ಆಗ ತಾನೆ ಇಳಿಯುತ್ತಿತ್ತು.

“ಅಕ್ಕಾ!” ಅಂದೆ. ನನ್ನ ದನಿ ನನಗೇ ಅಂಜಿಕೆಯಾಗುವಷ್ಟು ದೊಡ್ಡದಾಗಿ ಬಂತು. “ಏನ್ ಮಾಡಾಕ ಹತ್ತಿ? ಇದನ್ನ ನೀನ ಕೀಳತಿದ್ದೇನು? ಇಷ್ಟ ದಿವಸಾ?”

ಅವಳು ಗಾಬರಿಯಾಗಲಿಲ್ಲ. “ಹೂಂ. ನೀ ಬರೂದರಾಗ ಮತ್ತ ಚುಚ್ಚಿ ಗುಂಡಿ ಒತ್ತಿ ಇಡತಿದ್ದೆ. ನೀ ಒತ್ತೂದನ್ನ ನೋಡೇನಲ್ಲ.”

“ಯಾಕ?”

“ಸೋಮವಾರ ಅಲ್ಲೇನೋ?” ಅಂದಳು, ನಾನೇ ಏನೋ ದಡ್ಡತನದ ಮಾತಾಡಿದಂತೆ.

ನಾನು ಒಕ್ಕಲುತನ ಮಾಡುವವರ ಮಗ. ನಮ್ಮ ಮನೆಯಲ್ಲಿ ಸೋಮವಾರ ಎತ್ತಿಗೆ ನೊಗ ಇಡುತ್ತಿರಲಿಲ್ಲ. ಅದು ಬಸವಣ್ಣನ ವಾರ. ಬಿತ್ತನೆಯ ಹದ ಮೀರಿ ಹೋಗುತ್ತಿದ್ದರೂ ಅಪ್ಪ ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ನೆರಳಲ್ಲಿ ಕಟ್ಟಿ ಮೇವು ಹಾಕುತ್ತಿದ್ದ. ಮರೆತದ್ದು ನಾನು, ಅಕ್ಕ ಮರೆತಿರಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ. “ಇದು ಎತ್ತೇನು? ಇದರಾಗ ನೀಲಾ ಅದಾಳ. ನೀ ಹಿಂಗ ಕಿತ್ತರ ಒಂದಿನಾ ಅಕಿ ಪೂರಾ ಹೋಗತಾಳ, ಗೊತ್ತೈತಿ?” ಎಂದು ಕೂಗಿದೆ.

ಅಕ್ಕ ಪ್ಲಗ್ಗನ್ನು ಮೆಲ್ಲಗೆ ಕೆಳಗಿಟ್ಟಳು.

“ಅಕಿ ಇದರಾಗ ಇಲ್ಲ ಅನ್ನೂದು ನನಗೂ ತಿಳೀತೈತಿ ಈರಪ್ಪಾ. ನಾ ಅಷ್ಟ ಹುಚ್ಚಿ ಅಲ್ಲ. ಮೊದಮೊದಲ ಬರೇ ಹಗಲೂ ರಾತ್ರಿ ದುಡಿಯೂ ಪೆಟ್ಟಿಗಿ ಅಂತ ಬಿಡತಿದ್ದೆ. ಆದ್ರ ಈಗ ಅದರಾಗ ಅಕಿ ದನೀ ಐತೆಲ್ಲೋ. ನೀ ಬಂದ ಕೂಡಲೇ ಹಚ್ಚತಿ, ಉಣ್ಣುವಾಗ ಹಚ್ಚತಿ, ಮಲಗೂ ಮುಂದ ಹಚ್ಚತಿ. ಅಕಿ ಎದ್ದ ಬಂದ ಅದನ್ನ ಹೇಳಬೇಕು. ಇದ್ದಾಗ ಒಂದಿನಾ ಕುಂತ ಉಣಲಿಲ್ಲ ನನ್ನ ಮಗಳು. ಎತ್ತಿಗರೆ ವಾರಕ್ಕ ಒಂದ ದಿನಾ ಬಿಡತೇವಿ. ಅಕಿನ್ನ ಏಳೂ ದಿನಾ ನಿಂದರಸೀಯಲ್ಲೋ.”

ಅಲ್ಲೇ ನೆಲದ ಮೇಲೆ ಕೂತೆ. ಅವಳೂ ಕೂತಿದ್ದಳು. ನೀಲಾ ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಕೂತು ಅತ್ತದ್ದು ಅವತ್ತೇ. ಆಮೇಲೆ ಅಕ್ಕ ಮೂಗು ಒರೆಸಿಕೊಂಡು, “ಬಸ್ಸಿಗೆ ಹೋಗೂದುಲ್ಲೇನು?” ಅಂದಳು. ನಾನು ಹೋಗಲಿಲ್ಲ.

ದಸ್ತಗೀರನಿಗೆ ಹೇಳಿದಾಗ ನಗಬಹುದೆಂದು ಅಂಜಿದ್ದೆ. ಅವನು ನಗದೆ, “ಅವ್ವಾರಿಗೆ ಹೇಳ್ರಿ, ವಾಯರ್ ಕೀಳೂದು ಬ್ಯಾಡ. ಗುಂಡಿ ಒಮ್ಮಿ ಒತ್ತಿದ್ರ ಎಲ್ಲಾ ನೀಟಾಗಿ ಎತ್ತಿಟ್ಟು ತಾನ ಮಲಗೂ ಹಂಗ ಮಾಡಿಕೊಡತೇನ್ರಿ” ಅಂದ. ಹಾಗೇ ಮಾಡಿಕೊಟ್ಟ. ಅಲ್ಲಿಂದ ಅಕ್ಕ ಪ್ರತಿ ಸೋಮವಾರ ಮಿಂದು ಬಂದು ವಿಭೂತಿ ಹಚ್ಚಿ, “ಇವತ್ತ ಆರಾಮ ಇರವ್ವಾ” ಅಂದು ಗುಂಡಿ ಒತ್ತುತ್ತಿದ್ದಳು. ಮುಂದೆ ಒಂದು ಫೈಲೂ ಕೆಡಲಿಲ್ಲ. ಜಗತ್ತಿನ ಯಾವ ಪತ್ರಿಕೆಯೂ ಈ ಸಲಹೆ ಕೊಟ್ಟಿರಲಿಲ್ಲ, ಬಿಡಿ.

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಅಕ್ಕನೂ ಹೋದಳು. ದೊಡ್ಡ ರೋಗವೇನಿಲ್ಲ, ಸಣ್ಣಗೆ ಸವೆದು ಹೋದಳು. ಬಂದವರು ಬಂದರು, ಉಂಡರು, ಹೋದರು.

ಅವರೆಲ್ಲ ಹೋದ ಮೇಲೆ ತಿಳಿಯಿತು, ನನ್ನನ್ನು ಹೆಸರು ಹಿಡಿದು ಕರೆಯುವವರು ಇನ್ನು ಯಾರೂ ಉಳಿದಿಲ್ಲ. ಗಿರಾಕಿಗಳಿಗೆ ನಾನು ಸ್ಟುಡಿಯೋದವನು, ದಸ್ತಗೀರನಿಗೆ ಅಣ್ಣಾರು, ಓಣಿಯ ಮಕ್ಕಳಿಗೆ ಕಾಕಾ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿಸುತ್ತಾರೆ. ‘ಈರಪ್ಪಾ’ ಎಂದು ಅಡಿಗೆಮನೆಯಿಂದ ಕೂಗುವವಳು ಅಕ್ಕ ಒಬ್ಬಳೇ ಆಗಿದ್ದಳು. ಅವಳ ದನಿಯನ್ನು ತುಂಬಿಟ್ಟುಕೊಳ್ಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಎದುರಿಗೇ ಇದ್ದಳಲ್ಲ. ಈಗ ನನ್ನ ಹೆಸರು ಹೇಳುವುದು ಆ ಒಂದು ಫೈಲು ಮಾತ್ರ. ಸಂಜೆ ಬಂದು ಒಮ್ಮೆ ಹಚ್ಚುತ್ತೇನೆ. ಒಮ್ಮೆಯೇ, ಹೆಚ್ಚಿಲ್ಲ.

ಅಕ್ಕ ಹೋದ ಮೇಲಿನ ಮೊದಲ ಸೋಮವಾರ ಆಲ್ಬಮ್ಮಿನ ಚೀಲ ಹೊರಗೆ ತೆಗೆಯಲಿಲ್ಲ. ಯಂತ್ರದ ಮುಂದೆ ನಿಂತು ಬಹಳ ಹೊತ್ತು ಯೋಚಿಸಿದೆ. ಇನ್ನು ಇದನ್ನು ನಿಲ್ಲಿಸುವವರು ಯಾರೂ ಇಲ್ಲ, ಫೈಲ್ ಸಿಸ್ಟಮ್ ಗಟ್ಟಿ ಇದೆ, ವರ್ಷಗಟ್ಟಲೆ ನಿಲ್ಲದೆ ನಡೆಯಬಲ್ಲದು. ನಡೆಯಲಿ, ಮನೆಯಲ್ಲಿ ಒಂದು ಸದ್ದಾದರೂ ಇರಲಿ ಅನ್ನಿಸಿತು. ಕಡೆಗೆ ಮಿಂದು ಬಂದು ವಿಭೂತಿ ಹಚ್ಚಿ ಗುಂಡಿ ಒತ್ತಿದೆ. ಫ್ಯಾನು ನಿಂತಿತು.

ಮಧ್ಯಾಹ್ನವಾದರೂ ಹಸಿವಾಗಲಿಲ್ಲ, ಯಾರಾದರೂ ಕರೆದರೆ ಏಳಬಹುದು ಅನ್ನಿಸುತ್ತಿತ್ತು. ಬಹಳ ಹೊತ್ತು ಕೂತು, ಕಡೆಗೆ “ಈರಪ್ಪಾ, ಉಣ್ಣಾಕ ಬಾರೋ” ಎಂದು ನಾನೇ ಕೂಗಿದೆ. ದನಿ ಸರಿಯಾಗಿ ಬರಲಿಲ್ಲ. ಆದರೂ ಎದ್ದು ಹೋಗಿ ಉಂಡೆ.